ಕಳ್ಳಿಯ ದ್ವೀಪಕ್ಕೆ ಮಕ್ಕಳು, ಅತ್ತೆ-ಮಾವ ಸಮೇತ ಹೋಗಬಹುದೇ?

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ನಾನು, ನನ್ನ ಗಂಡ, ಒಂಬತ್ತು ವರ್ಷದ ಮಗಳು, ಮೂರು ವರ್ಷದ ಮಗ. ತುಮಕೂರಿನಿಂದ ಅತ್ತೆ-ಮಾವ ಬಂದಿದ್ದಾರೆ. ಅತ್ತೆಗೆ ಮಂಡಿನೋವು, ಇಬ್ಬರೂ ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿಗಳು. ಏಪ್ರಿಲ್ ರಜೆಯಲ್ಲಿ ಎಂಟು ದಿನ ಕೆರಿಬಿಯನ್ ಸಮುದ್ರದ ಅರೂಬಾ ದ್ವೀಪಕ್ಕೆ ಹೋಗಬೇಕೆಂದುಕೊಂಡಿದ್ದೇವೆ. ಹೋಗಿ ಬಂದ ಸ್ನೇಹಿತರೊಬ್ಬರು, "ಅದು ಮರುಭೂಮಿ ಕಣ್ರೀ, ಕಳ್ಳಿ ಮತ್ತು ಗಾಳಿ ಬಿಟ್ಟರೆ ಏನೂ ಇಲ್ಲ. ಅಷ್ಟು ದುಡ್ಡು ಸುರಿದು ಚಳ್ಳಕೆರೆ ನೋಡಿ ಬಂದ ಹಾಗಾಯಿತು" ಎಂದು ಹೇಳಿ ತಲೆ ಕೆಡಿಸಿದ್ದಾರೆ. ಏನು ಮಾಡೋಣ?

ಉತ್ತರ: ನಿಮ್ಮ ಸ್ನೇಹಿತರ ಮಾತಿನಲ್ಲಿ ಸುಳ್ಳೇನೂ ಇಲ್ಲ. ಅರೂಬಾದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 450ರಿಂದ 500 ಮಿ.ಮೀ. ಚಳ್ಳಕೆರೆಯದೂ ಹೆಚ್ಚುಕಡಿಮೆ ಅಷ್ಟೇ. ವಿಮಾನ ಇಳಿಯುವಾಗ ಕಿಟಕಿಯಿಂದ ಕಾಣುವುದು ಕಂದು ನೆಲ, ಕುರುಚಲು ಗಿಡ, ಆಳೆತ್ತರದ ಕಂಬದಂಥ ಕಳ್ಳಿ. ತಮಾಷೆಯೆಂದರೆ ರಾಜಧಾನಿ ಓರಾನ್ಯೆಸ್ಟಾಡ್‌ನಿಂದ ಭೂಪಟದ ಮೇಲೆ ಪೂರ್ವಕ್ಕೆ ಗೆರೆ ಎಳೆಯುತ್ತ ಬಂದರೆ ಅದು ನಮ್ಮ ಮಂಡ್ಯದ ಹತ್ತಿರವೇ ಹಾದುಹೋಗುತ್ತದೆ. ಅಕ್ಷಾಂಶ ಒಂದೇ, ಹನ್ನೆರಡೂವರೆ ಡಿಗ್ರಿ. ಒಂದು ಕಡೆ ಕಬ್ಬಿನ ಗದ್ದೆ, ಇನ್ನೊಂದು ಕಡೆ ಕಳ್ಳಿ.

ಆದರೆ ಚಳ್ಳಕೆರೆಗೆ ಸಮುದ್ರವಿಲ್ಲ. ಅರೂಬಾದಲ್ಲಿ ನೆಲ ಒಣಗಿದೆ ಎಂಬ ಕಾರಣಕ್ಕೇ ಸಮುದ್ರ ಅಷ್ಟು ಚೆನ್ನಾಗಿದೆ. ದ್ವೀಪದಲ್ಲಿ ಹೇಳಿಕೊಳ್ಳುವಂಥ ಒಂದು ನದಿಯೂ ಇಲ್ಲ. ಹಾಗಾಗಿ ಮಣ್ಣನ್ನು ಹೊತ್ತು ತಂದು ಕಡಲಿಗೆ ಸುರಿಯುವವರು ಯಾರೂ ಇಲ್ಲ. ನೇತ್ರಾವತಿ ಕಡಲು ಸೇರುವಲ್ಲಿ ಮಳೆಗಾಲದ ನೀರು ಎಂಥ ಬಣ್ಣಕ್ಕೆ ತಿರುಗುತ್ತದೆ ಎಂದು ನೋಡಿದವರಿಗೆ ಈ ವ್ಯತ್ಯಾಸ ಹೇಳಬೇಕಿಲ್ಲ. ಅರೂಬಾದ ಪಶ್ಚಿಮ ದಂಡೆಯಲ್ಲಿ ಎದೆಮಟ್ಟದ ನೀರಿನಲ್ಲಿ ನಿಂತರೆ ನಿಮ್ಮ ಕಾಲಿನ ಉಗುರು ಕಾಣುತ್ತದೆ. ಮರಳು ಹವಳ ಮತ್ತು ಚಿಪ್ಪಿನ ಪುಡಿ. ಬಿಳಿಯಾಗಿರುವುದರಿಂದ ಮಧ್ಯಾಹ್ನವೂ ನಮ್ಮ ಕಪ್ಪು ಮರಳಿನಂತೆ ಅಂಗಾಲು ಸುಡುವುದಿಲ್ಲ.

ಮಳೆ ಯಾಕೆ ಬೀಳುವುದಿಲ್ಲ ಎಂಬುದನ್ನೂ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ, ನಿಮ್ಮ ನಿರ್ಧಾರಕ್ಕೆ ಅದು ಬೇಕು. ವೆನೆಜುವೆಲಾದ ಕರಾವಳಿಯಿಂದ ಮೂವತ್ತು ಕಿಲೋಮೀಟರ್ ಕೂಡ ದೂರವಿಲ್ಲದ ಈ ದ್ವೀಪದ ಅತಿ ಎತ್ತರದ ಗುಡ್ಡ ಹಮನೋಟಾ, ಬರೀ 188 ಮೀಟರ್. ಪೂರ್ವದಿಂದ ವರ್ಷಪೂರ್ತಿ ಬೀಸುವ ವಾಣಿಜ್ಯ ಮಾರುತಗಳನ್ನು ತಡೆದು ಮೇಲಕ್ಕೆತ್ತಲು ಅಲ್ಲಿ ಪಶ್ಚಿಮ ಘಟ್ಟವಿಲ್ಲ. ಮೋಡ ಬರುತ್ತದೆ, ದಾಟಿ ಹೋಗುತ್ತದೆ. ಮಳೆ ಎಂದರೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಆಗಾಗ ಹತ್ತು ಹದಿನೈದು ನಿಮಿಷ ಸುರಿದು ನಿಲ್ಲುವುದು. ಇನ್ನು ಚಂಡಮಾರುತಗಳು ಸಾಮಾನ್ಯವಾಗಿ ಇದರ ಉತ್ತರಕ್ಕೇ ಹಾದುಹೋಗುತ್ತವೆ. 2004ರ ಐವನ್, 2007ರ ಫೆಲಿಕ್ಸ್ ಹತ್ತಿರ ಸುಳಿದುಹೋದದ್ದುಂಟು. ಆದರೂ ಕೆರಿಬಿಯನ್ನಿನ ಉಳಿದ ಊರುಗಳಿಗೆ ಹೋಲಿಸಿದರೆ ಇಲ್ಲಿ ರಜೆ ಕೊಚ್ಚಿಹೋಗುವ ಭಯ ತೀರ ಕಡಿಮೆ. ಏಪ್ರಿಲ್‌ನಲ್ಲಂತೂ ಚಂಡಮಾರುತದ ಮಾತೇ ಇಲ್ಲ.

ಹಾಗಾಗಿ "ಮರುಭೂಮಿಯೇ?" ಎಂದು ಕೇಳುವ ಬದಲು ನೀವು ಮನೆಯಲ್ಲಿ ಕೇಳಿಕೊಳ್ಳಬೇಕಾದದ್ದು ಬೇರೆ. ನಿಮ್ಮದು ಕೂರುವ ಕುಟುಂಬವೋ, ಸುತ್ತುವ ಕುಟುಂಬವೋ? ಬೆಳಿಗ್ಗೆ ನೀರಿಗಿಳಿದು, ಮಧ್ಯಾಹ್ನ ಉಂಡು ಮಲಗಿ, ಸಂಜೆ ಮತ್ತೆ ನೀರಿಗಿಳಿಯುವುದು ಐದು ದಿನ ಸಾಗುತ್ತದೆ ಎನ್ನುವವರಿಗೆ ಅರೂಬಾಕ್ಕಿಂತ ಸುಲಭದ ಜಾಗ ನನಗೆ ಗೊತ್ತಿಲ್ಲ. "ಇವತ್ತು ಏನು ನೋಡುವುದು?" ಎಂದು ದಿನಾ ಬೆಳಿಗ್ಗೆ ಕೇಳುವ ಮಾವ ಇದ್ದರೆ ಮೂರನೆಯ ದಿನಕ್ಕೆ ನಿಮ್ಮ ಕಥೆ ಮುಗಿಯಿತು. ದ್ವೀಪದ ಒಟ್ಟು ಉದ್ದ 32 ಕಿ.ಮೀ., ಸರಿಸುಮಾರು ಕೆಂಗೇರಿಯಿಂದ ವೈಟ್‌ಫೀಲ್ಡ್‌ಗೆ ಹೋದಷ್ಟು. ಅಗಲ ಹತ್ತು ಕಿಲೋಮೀಟರ್. ಕ್ಯಾಲಿಫೋರ್ನಿಯಾ ದೀಪಸ್ತಂಭ, ಆಲ್ಟೊ ವಿಸ್ಟಾ ಪ್ರಾರ್ಥನಾಲಯ, ಕಾಸಿಬಾರಿ ಬಂಡೆಗಳು, ಬುಶಿರಿಬಾನಾದ ಹಳೆಯ ಚಿನ್ನದ ಕಾರ್ಖಾನೆಯ ಪಾಳುಗೋಡೆ, ಇಷ್ಟನ್ನು ಒಂದೇ ದಿನದಲ್ಲಿ ನೋಡಿ ಸಂಜೆ ಚಹಾಕ್ಕೆ ಮನೆಗೆ ಬರಬಹುದು. ಪ್ರಸಿದ್ಧವಾಗಿದ್ದ ಸಹಜ ಕಲ್ಲುಸೇತುವೆ 2005ರಲ್ಲೇ ಕುಸಿದುಬಿತ್ತು. ಹಳೆಯ ಚಿತ್ರ ನೋಡಿ ಆಸೆಪಡಬೇಡಿ. ನಿಮ್ಮ ಸ್ನೇಹಿತರು ಸುತ್ತುವ ಜಾತಿಯವರಿರಬೇಕು ಎಂದು ನನ್ನ ಊಹೆ.

ಟಿಕೆಟ್ ನೋಡುವ ಮೊದಲು ಒಂದು ಕೆಲಸ ಮಾಡಿ. ಎಲ್ಲರ ಪಾಸ್‌ಪೋರ್ಟ್ ತೆಗೆದು ಊಟದ ಮೇಜಿನ ಮೇಲೆ ಹರಡಿ. ನೀವು ಯಾವ ವೀಸಾದಲ್ಲಿದ್ದೀರಿ ಎಂದು ಬರೆದಿಲ್ಲ. ಗ್ರೀನ್ ಕಾರ್ಡ್ ಇದ್ದರೆ ಈ ಪ್ಯಾರಾದಲ್ಲಿ ಅತ್ತೆ-ಮಾವನ ವೀಸಾದ ಮಾತನ್ನಷ್ಟೇ ಓದಿ ಮುಂದೆ ಹೋಗಿ. ಎಚ್-1ಬಿ ಆಗಿದ್ದರೆ ವೀಸಾ ಮುದ್ರೆಯ ಅವಧಿ ನೋಡಿ. ಅನುಮೋದನೆ ಪತ್ರ ಚಾಲ್ತಿಯಲ್ಲಿದೆ, ಆದರೆ ಪಾಸ್‌ಪೋರ್ಟಿನ ಮುದ್ರೆಯ ಅವಧಿ ಮುಗಿದಿದೆ ಎಂಬ ಸ್ಥಿತಿಯಲ್ಲಿ ನಮ್ಮವರು ನೂರಾರು ಜನ ಇದ್ದಾರೆ. ಅಂಥವರು ಕೆನಡಾ ಅಥವಾ ಮೆಕ್ಸಿಕೋಗೆ ಮೂವತ್ತು ದಿನದೊಳಗೆ ಹೋಗಿ ಬರಲು ಒಂದು ವಿನಾಯಿತಿ ಇದೆ. ಅದನ್ನೇ ನಂಬಿ ಕೆರಿಬಿಯನ್ ದ್ವೀಪಕ್ಕೂ ಹೊರಟುಬಿಡುತ್ತಾರೆ. ಎಚ್-1ಬಿಯವರಿಗೆ ಆ ವಿನಾಯಿತಿ ದ್ವೀಪಗಳಿಗೆ ಅನ್ವಯಿಸುವುದಿಲ್ಲ. ಹೋಗುವಾಗಲೂ ತೊಡಕೇ: ಅರೂಬಾ ನೆದರ್‌ಲೆಂಡ್ಸ್ ರಾಜ್ಯದೊಳಗಿನ ಸ್ವಾಯತ್ತ ದೇಶ, 1986ರಿಂದ. ಭಾರತದ ಪಾಸ್‌ಪೋರ್ಟಿಗೆ ಅಲ್ಲಿ ವೀಸಾ ಬೇಕು. ಚಾಲ್ತಿಯಲ್ಲಿರುವ, ಹಲವು ಬಾರಿ ಪ್ರವೇಶದ ಅಮೆರಿಕದ ವೀಸಾ ಅಥವಾ ಗ್ರೀನ್ ಕಾರ್ಡ್ ಇದ್ದವರಿಗೆ ಅದರಿಂದ ಬಿಡುವು. ಅತ್ತೆ-ಮಾವನ ಪ್ರವಾಸಿ ವೀಸಾ ಹತ್ತು ವರ್ಷದ್ದಾಗಿದ್ದರೆ ಅವರು ಸಲೀಸಾಗಿ ಹೋಗಿ ಬರಬಹುದು. ಆದರೆ ಮರಳುವಾಗ ಅಧಿಕಾರಿ ಕೇಳಿದರೆ ತೋರಿಸಲು ಭಾರತಕ್ಕೆ ಹಿಂದಿರುಗುವ ಟಿಕೆಟಿನ ಪ್ರತಿ ಕೈಚೀಲದಲ್ಲಿರಲಿ. ನಿಯಮಗಳು ಬದಲಾಗುತ್ತಿರುತ್ತವೆ, ದುಡ್ಡು ಕಟ್ಟುವ ದಿನ ಇನ್ನೊಮ್ಮೆ ನೋಡಿಕೊಳ್ಳಿ. ಮುದ್ರೆ ಮುಗಿದಿದ್ದರೆ ಅರೂಬಾ ಮರೆತು ಪೋರ್ಟೊರಿಕೋಗೆ ಹೋಗಿ. ಅದು ಅಮೆರಿಕದ್ದೇ ನೆಲ, ವಿಮಾನವೂ ದೇಶದೊಳಗಿನದ್ದೇ, ಮೇಲಾಗಿ ಹಸಿರು.

ಈಗ ಗಾಳಿಯ ವಿಚಾರ. ಅರೂಬಾ ಬೇಕೋ ಬೇಡವೋ ಎಂದು ತೀರ್ಮಾನಿಸುವುದು ಬಿಸಿಲಲ್ಲ, ಗಾಳಿ. ಗಂಟೆಗೆ ಇಪ್ಪತ್ತೈದು ಮೂವತ್ತು ಕಿಲೋಮೀಟರ್ ವೇಗದಲ್ಲಿ ಹಗಲೂ ರಾತ್ರಿ ಒಂದೇ ದಿಕ್ಕಿನಿಂದ ಬೀಸುತ್ತದೆ. ಅಲ್ಲಿನ ದಿವಿದಿವಿ ಮರಗಳು ಹುಟ್ಟಿದಾಗಿನಿಂದ ಆ ಗಾಳಿಗೆ ಬೆನ್ನು ಕೊಟ್ಟು, ತಲೆಗೂದಲನ್ನು ಒಂದೇ ಕಡೆಗೆ ಬಾಚಿದ ಹಾಗೆ ನೈರುತ್ಯಕ್ಕೆ ಬಾಗಿ ನಿಂತಿರುತ್ತವೆ. ಸ್ಥಳೀಯರು ಅದಕ್ಕೆ ವಟಪಾನಾ ಎನ್ನುತ್ತಾರೆ. ದಾರಿ ತಪ್ಪಿದವರಿಗೆ ಮರವೇ ದಿಕ್ಸೂಚಿ. ಮೊದಲ ದಿನ ಈ ಗಾಳಿ ಸ್ವರ್ಗ: ಉಷ್ಣಾಂಶ ಮೂವತ್ತರ ಆಸುಪಾಸಿನಲ್ಲಿದ್ದರೂ ಬೆವರಿಲ್ಲ. ಮೂರನೆಯ ದಿನದ ಹೊತ್ತಿಗೆ ಕೆಲವರಿಗೆ ತಲೆ ಭಾರವಾಗುತ್ತದೆ, ಕಿವಿಯಲ್ಲಿ ಗುಂಯ್ ಎನ್ನುತ್ತದೆ, ಕೂದಲು ಹಗ್ಗವಾಗುತ್ತದೆ. ನನ್ನ ತಾಯಿಯನ್ನು ಒಮ್ಮೆ ಕರೆದುಕೊಂಡು ಹೋಗಿದ್ದೆ. ಸೀರೆಯ ಸೆರಗನ್ನು ಸೊಂಟಕ್ಕೆ ಎರಡು ಸುತ್ತು ಸಿಕ್ಕಿಸಿ, ತಲೆಗೆ ಟವೆಲ್ ಬಿಗಿದು, ತಾಳೆಗರಿಯ ಕೊಡೆಯ ಕೆಳಗೆ ಗಾಳಿಗೆ ಬೆನ್ನು ಹಾಕಿ ಕೂತರು. ದಿನಪತ್ರಿಕೆ ಓದಲಾಗಲಿಲ್ಲ, ಹಾಳೆ ನಿಲ್ಲುತ್ತಿರಲಿಲ್ಲ. ಆದರೆ ಕಂದು ಬಣ್ಣದ ಪೆಲಿಕನ್ ಒಂದು ಮೇಲಿನಿಂದ ಕಲ್ಲು ಬಿದ್ದಂತೆ ನೀರಿಗೆ ಧುಮುಕಿ, ಗಂಟಲ ಚೀಲ ತುಂಬಿಕೊಂಡು, ತಲೆ ಕೊಡವಿ ನುಂಗುವುದನ್ನು ನಲವತ್ತು ನಿಮಿಷ ನೋಡಿದರು. ಎದ್ದು ಬರುವಾಗ ಹೇಳಿದ್ದು ಇಷ್ಟೇ: "ಅದಕ್ಕೆ ಹನ್ನೊಂದು ಸಲದಲ್ಲಿ ಏಳು ಸಲ ಮೀನು ಸಿಕ್ಕಿತು." ನಿಮ್ಮ ಅತ್ತೆ ಹೀಗೆ ಎಣಿಸುತ್ತ ಕೂರಬಲ್ಲವರೇ? ಹೌದಾದರೆ ಸಂಶಯವೇ ಬೇಡ.

ಗಾಳಿಯ ಮೋಸ ಇನ್ನೊಂದಿದೆ: ಬಿಸಿಲು ಗೊತ್ತಾಗುವುದಿಲ್ಲ. ಏಪ್ರಿಲ್ ಕೊನೆಯ ವಾರದಲ್ಲಿ ಬೆಂಗಳೂರಿನವರು ಶೂನ್ಯ ನೆರಳಿನ ದಿನ ಎಂದು ಮಕ್ಕಳಿಗೆ ತೋರಿಸುತ್ತಾರಲ್ಲ, ಅದೇ ದಿನಗಳಲ್ಲಿ ಅರೂಬಾದಲ್ಲೂ ಸೂರ್ಯ ನೆತ್ತಿಯ ಮೇಲಿರುತ್ತಾನೆ. ನಮ್ಮ ಚರ್ಮಕ್ಕೆ ಏನೂ ಆಗುವುದಿಲ್ಲ ಎಂಬ ಜಂಬ ನನಗೂ ಇತ್ತು. ಮೊದಲ ಸಲ ಹೋದಾಗ ಪಾದದ ಮೇಲ್ಭಾಗ ಹೇಗೆ ಸುಟ್ಟಿತೆಂದರೆ, ಚಪ್ಪಲಿಯ ಪಟ್ಟಿ ಇದ್ದ ಜಾಗ ಮಾತ್ರ ಬಿಟ್ಟು ಉಳಿದದ್ದೆಲ್ಲ ಸುಲಿದು, ಎರಡು ದಿನ ಬೂಟು ಹಾಕಲಾಗಲಿಲ್ಲ. ಮಕ್ಕಳಿಗೆ ಉದ್ದ ತೋಳಿನ ಈಜುಡುಗೆ ಕೊಳ್ಳಿ, ಕತ್ತಿನ ಕೆಳಗೆ ದಾರ ಕಟ್ಟುವ ಟೋಪಿ ಕೊಳ್ಳಿ. ದಾರವಿಲ್ಲದ ಟೋಪಿ ಮೊದಲ ಗಂಟೆಯಲ್ಲೇ ಪನಾಮಾದ ದಾರಿ ಹಿಡಿಯುತ್ತದೆ. ಬಿಸಿಲಿನ ಕ್ರೀಮ್ ಕೊಳ್ಳುವಾಗ ಹಿಂಬದಿಯ ಅಕ್ಷರ ಓದಿ: ಆಕ್ಸಿಬೆಂಜೋನ್ ಇರುವ ಕ್ರೀಮನ್ನು ಹವಳಕ್ಕೆ ಕೇಡೆಂದು ಅರೂಬಾ 2020ರಲ್ಲೇ ನಿಷೇಧಿಸಿದೆ. ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಮೂರರವರೆಗೆ ಕೋಣೆಯೊಳಗಿರಿ. ಮೂರು ವರ್ಷದ ಮಗು ಹೇಗೂ ಆಗ ಮಲಗುವ ಹೊತ್ತು.

ಎಲ್ಲಿ ಉಳಿಯುವುದು? ಪಾಮ್ ಬೀಚ್‌ನಲ್ಲಿ ಎತ್ತರದ ಹೋಟೆಲುಗಳು, ಅಂಗಡಿ, ಗದ್ದಲ. ಸಮುದ್ರ ಮಾತ್ರ ಕೆರೆಯಷ್ಟು ಶಾಂತ, ಪುಟ್ಟ ಮಕ್ಕಳಿಗೆ ಹೇಳಿ ಮಾಡಿಸಿದ್ದು. ಈಗಲ್ ಬೀಚ್ ಅಗಲ, ನಿಶ್ಶಬ್ದ, ತಗ್ಗಿನ ಕಟ್ಟಡಗಳು. ಆದರೆ ದಡದಲ್ಲಿ ಅಲೆ ಸ್ವಲ್ಪ ಜೋರು, ಮತ್ತು ಅಲ್ಲಿನ ಅನೇಕ ವಸತಿಗಳಿಂದ ರಸ್ತೆ ದಾಟಿ ಕಡಲಿಗೆ ಹೋಗಬೇಕು. ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ದೈತ್ಯ ಲೆದರ್‌ಬ್ಯಾಕ್ ಆಮೆಗಳು ಮೊಟ್ಟೆಯಿಡಲು ಬರುತ್ತವೆ; ಬೇಲಿ ಕಟ್ಟಿದ ಗೂಡುಗಳನ್ನು ಮಗಳಿಗೆ ತೋರಿಸಬಹುದು. ನಿಮ್ಮ ಕುಟುಂಬಕ್ಕೆ ನಾನು ಹೇಳುವುದು ಅಡುಗೆಮನೆ ಇರುವ ಎರಡು ಕೋಣೆಯ ವಸತಿ, ಸಾಧ್ಯವಾದರೆ ನೆಲಮಹಡಿ, ಎರಡು ಬೀಚುಗಳಲ್ಲಿ ಎಲ್ಲಾದರೂ ಸರಿ. ಕೊಠಡಿಯ ಅಂದಕ್ಕಿಂತ ಮುಖ್ಯವಾಗಿ ವಿಚಾರಿಸಬೇಕಾದ್ದು, ಬಾಗಿಲಿನಿಂದ ನೆರಳಿನ ಕೊಡೆಯವರೆಗೆ ಮರಳಿನಲ್ಲಿ ಎಷ್ಟು ಹೆಜ್ಜೆ ಎಂದು. ಮಂಡಿನೋವಿನವರಿಗೆ ಹುಗಿಯುವ ಮರಳಿನ ನೂರು ಹೆಜ್ಜೆ ಎಂದರೆ ಬೆಟ್ಟ ಹತ್ತಿದಂತೆ. ಮಾವನ ಬೆಳಗಿನ ನಡಿಗೆಗೆ ಓರಾನ್ಯೆಸ್ಟಾಡ್‌ನಿಂದ ವಿಮಾನ ನಿಲ್ದಾಣದ ಕಡೆಗೆ ಕಡಲಂಚಿನಲ್ಲೇ ಸಮತಟ್ಟಾದ ಕಾಲುದಾರಿ ಇದೆ. ಅರೂಬಾದ ಬೀಚುಗಳೆಲ್ಲ ಸಾರ್ವಜನಿಕ. ಯಾವ ಹೋಟೆಲಿನ ಮುಂದೆ ಬೇಕಾದರೂ ಟವೆಲ್ ಹಾಸಬಹುದು, ಕೊಡೆ ಮಾತ್ರ ಅವರದು.

ಬೇಬಿ ಬೀಚ್ ಎಂಬ ಹೆಸರನ್ನು ಕೇಳಿಯೇ ನೀವು ಅಲ್ಲಿಗೆ ಹೋಗುತ್ತೀರಿ, ಹೋಗಿ. ದ್ವೀಪದ ಆಗ್ನೇಯ ತುದಿಯಲ್ಲಿ, ಹಳೆಯ ತೈಲ ಸಂಸ್ಕರಣಾಗಾರದ ಪಕ್ಕದಲ್ಲಿ ಅರ್ಧಚಂದ್ರಾಕಾರದ ಆಳವಿಲ್ಲದ ನೀರು. ನಿಮ್ಮ ಮಗ ಸೊಂಟದ ನೀರಿನಲ್ಲಿ ಬಹಳ ದೂರ ನಡೆಯಬಲ್ಲ. ಆದರೆ ಈ ಕೊಳ ಹೊರಗಿನ ಸಮುದ್ರಕ್ಕೆ ತೆರೆದುಕೊಳ್ಳುವ ಬಾಯಿಯಲ್ಲಿ ಸೆಳೆತ ಬಲವಾಗಿದೆ. ಮಗಳು ಮೀನು ನೋಡುತ್ತ ಮುಖ ಮುಳುಗಿಸಿ ಅತ್ತ ಸರಿಯದಂತೆ ಒಬ್ಬರು ಜೊತೆಗಿರಲೇಬೇಕು. ಅವಳ ಮೊದಲ ಮೀನು ನೋಡುವಿಕೆಗೆ ನಾನು ಬೊಕಾ ಕ್ಯಾಟಲಿನಾವನ್ನೇ ಹೇಳುವೆ. ಹಾಗೆಯೇ ಉತ್ತರ ಮತ್ತು ಪೂರ್ವದ ದಂಡೆಗಳಲ್ಲಿ ಯಾರೂ ನೀರಿಗಿಳಿಯಕೂಡದು. ಇದರಲ್ಲಿ ರಾಜಿ ಇಲ್ಲ. ಬೊಕಾ ಪ್ರಿನ್ಸ್, ಡೋಸ್ ಪ್ಲಾಯಾ ಚಿತ್ರದಲ್ಲಿ ಎಷ್ಟು ಚಂದವೋ ಅಷ್ಟೇ ನಿರ್ದಯ.

ಜೀಪಿನಲ್ಲಿ ಕುಲುಕಾಡಿಸಿಕೊಂಡು ಹೋಗುವ ಪ್ರವಾಸಕ್ಕೆ ಅತ್ತೆಯನ್ನೂ ಮಗನನ್ನೂ ಹತ್ತಿಸಬೇಡಿ. ದ್ವೀಪದ ಐದರಲ್ಲಿ ಒಂದು ಪಾಲಿನಷ್ಟಿರುವ ಆರಿಕೋಕ್ ರಾಷ್ಟ್ರೀಯ ಉದ್ಯಾನದೊಳಗೆ ಸಾಮಾನ್ಯ ಬಾಡಿಗೆ ಕಾರಿನಲ್ಲೇ ಹೋಗಬಹುದಾದ ರಸ್ತೆ ಇದೆ. ಫಾಂಟೈನ್ ಗುಹೆಯ ಚಾವಣಿಯಲ್ಲಿ ಮೂಲನಿವಾಸಿಗಳು ಬರೆದ ಕೆಂಗಂದು ಚಿತ್ರಗಳಿವೆ. ಅದೃಷ್ಟವಿದ್ದರೆ ನೆಲದಲ್ಲಿ ಬಿಲ ತೋಡುವ ಪುಟ್ಟ ಗೂಬೆ ಶೋಕೊ ಕಾಣುತ್ತದೆ. ಅರೂಬಾದಲ್ಲಿ ಬಿಟ್ಟು ಬೇರೆಲ್ಲೂ ಇಲ್ಲದ ಒಂದು ಗಿಲಿಕೆ ಹಾವೂ ಅಲ್ಲಿದೆ. ಕಾಲುದಾರಿ ಬಿಟ್ಟು ಪೊದೆಗೆ ಕೈ ಹಾಕದಿದ್ದರೆ ಅದರ ಪಾಡಿಗೆ ಅದು ಇರುತ್ತದೆ. ಹಳ್ಳಿಮನೆಗಳ ಸುತ್ತ ಕಡುಶಿ ಕಳ್ಳಿಯನ್ನು ಒತ್ತೊತ್ತಾಗಿ ನೆಟ್ಟ ಬೇಲಿ ನೋಡಿದರೆ ತುಮಕೂರಿನವರಿಗೆ ಹೊಲದ ಬದು ನೆನಪಾಗದೆ ಇರದು. ಲೋಳೆಸರವನ್ನು ಈ ದ್ವೀಪ ಒಂದು ಕಾಲಕ್ಕೆ ಎಷ್ಟು ಬೆಳೆಯುತ್ತಿತ್ತೆಂದರೆ ಅದರ ಲಾಂಛನದಲ್ಲೂ ಆ ಗಿಡವಿದೆ.

ಊಟಕ್ಕೆ ಹೆದರಬೇಡಿ, ಆದರೆ ಹೋಟೆಲನ್ನು ನಂಬಿ ಹೋಗಬೇಡಿ. ಒಣನೆಲವಾದ್ದರಿಂದ ತರಕಾರಿ, ಹಣ್ಣು ಬಹುಪಾಲು ಹಡಗಿನಲ್ಲಿ ಬರುತ್ತದೆ, ಬೆಲೆಯೂ ಹಾಗೇ ಇರುತ್ತದೆ. ದೊಡ್ಡ ಸೂಪರ್ ಮಾರ್ಕೆಟ್ಟುಗಳಲ್ಲಿ ಅಕ್ಕಿ, ಮೊಸರು, ತರಕಾರಿ ಎಲ್ಲ ಸಿಗುತ್ತವೆ. ಸಾರಿನಪುಡಿ, ಉಪ್ಪಿನಕಾಯಿ, ಪುಟ್ಟ ಕುಕ್ಕರ್ ನೀವು ಒಯ್ಯಿರಿ. ಮಧ್ಯಾಹ್ನದ ಬಿಸಿಲಿಗೆ ಮೊಸರನ್ನವೇ ಮದ್ದು. ಗೌಡಾ ಚೀಸ್ ತುಂಬಿದ ಪಸ್ತೇಚಿ ಎಂಬ ಕರಿದ ತಿಂಡಿ ಮಕ್ಕಳಿಗೆ ಇಷ್ಟವಾದೀತು. ಮೆಕ್ಕೆಜೋಳದ ಹಿಟ್ಟಿನ ಫುಂಚಿಯನ್ನು ಕಂಡರೆ ಮಾವ "ಮುದ್ದೆಯಲ್ಲವೇ ಇದು" ಎಂದಾರು. ಕಡುಶಿ ಸೂಪನ್ನು ಕಳ್ಳಿಯ ಸಾರು ಎಂದು ಸಸ್ಯಾಹಾರದ ಲೆಕ್ಕಕ್ಕೆ ಸೇರಿಸಬೇಡಿ, ಅದರಲ್ಲಿ ಮಾಂಸವೋ ಮೀನೋ ಇರುತ್ತದೆ. ಸುರಿನಾಮ್ ಕಡೆಯವರ ರೊಟ್ಟಿ ಅಂಗಡಿ ಕಂಡರೆ ಆಲೂಗಡ್ಡೆ, ಅಲಸಂದೆಕಾಯಿಯ ಪಲ್ಯ ಮಾತ್ರ ಹಾಕಿ ಕೊಡಲು ಕೇಳಿ. ಅವರ ಪೂರ್ವಜರು ಭಾರತದಿಂದಲೇ ಹೋದವರು, ಮಾತು ಅರ್ಥವಾಗುತ್ತದೆ. ಇಂಗ್ಲಿಷ್ ಎಲ್ಲೆಡೆ ನಡೆಯುತ್ತದೆ, ಡಾಲರ್ ಕೂಡ. ಅಲ್ಲಿನವರ ಭಾಷೆ ಪಾಪಿಯಾಮೆಂಟೊದಲ್ಲಿ "ದಂಕಿ" ಎಂದರೆ ಧನ್ಯವಾದ. ಮಗನಿಗೆ ಕಲಿಸಿಟ್ಟರೆ ಎಲ್ಲ ಕಡೆ ಒಂದು ನಗು ಹೆಚ್ಚು ಸಿಗುತ್ತದೆ.

ನಲ್ಲಿಯ ನೀರನ್ನು ಧಾರಾಳವಾಗಿ ಕುಡಿಯಿರಿ. 1930ರ ದಶಕದಿಂದಲೇ ಸಮುದ್ರದ ನೀರನ್ನು ಸಿಹಿ ಮಾಡಿ ಕುಡಿಯುವ ಊರು ಅದು. ನೀರಿನ ಸ್ಥಾವರವಿರುವ ಜಾಗದ ಹೆಸರಿನ ಮೇಲೆ ಒಂದು ಲೋಟ ನಲ್ಲಿನೀರನ್ನು ಅಲ್ಲಿಯವರು ತಮಾಷೆಗೆ "ಬಲಾಶಿ ಕಾಕ್‌ಟೇಲ್" ಎನ್ನುತ್ತಾರೆ. ಬಾಟಲಿ ನೀರಿಗೆ ಸುರಿಯುವ ದುಡ್ಡನ್ನು ಕಾರಿನ ಬಾಡಿಗೆಗೆ ಹಾಕಿ. ಬಸ್ ಇದೆ, ಪಾಮ್ ಬೀಚಿನಿಂದ ರಾಜಧಾನಿಗೆ ಚೆನ್ನಾಗಿಯೇ ಓಡುತ್ತದೆ. ಆದರೆ ಆರು ಜನ, ಒಂದು ಮಡಚುವ ಬಂಡಿ, ಮಂಡಿನೋವು ಇಷ್ಟನ್ನೂ ಇಟ್ಟುಕೊಂಡು ಬಸ್ಸಿನ ಆಟ ಬೇಡ. ಎಂಟು ದಿನವೂ ಕಾರು ಬೇಕಿಲ್ಲ, ಮೂರು ದಿನ ಸಾಕು.

ಅಂದಹಾಗೆ ಎಂಟು ದಿನವೂ ಬೇಡ. ಐದು ರಾತ್ರಿ ಸಾಕು, ಹೆಚ್ಚೆಂದರೆ ಆರು. ಏಪ್ರಿಲ್ ಮಧ್ಯದವರೆಗೆ ಅಲ್ಲಿ ದುಬಾರಿ ಕಾಲ. ಉಳಿಸಿದ ಎರಡು ರಾತ್ರಿಯ ಹಣದಲ್ಲಿ ಕಡಲಿಗೆ ಹತ್ತಿರದ ಕೋಣೆ ಹಿಡಿಯಿರಿ. ನೆರೆಯ ಬೊನೇರ್ ದ್ವೀಪ ಮುಳುಗುಗಾರರ ಸ್ವರ್ಗ, ಆದರೆ ಮರಳಿನ ದಂಡೆ ಕಡಿಮೆ, ನಿಮಗಲ್ಲ. ಮಾವ ನಿಜಕ್ಕೂ ಸುತ್ತುವವರಾದರೆ ನೆರೆಯ ಇನ್ನೊಂದು ದ್ವೀಪ ಕುರಸಾವ್ ನೋಡಿ: ಅಷ್ಟೇ ಒಣ ನೆಲ, ಆದರೆ 444 ಚದರ ಕಿ.ಮೀ. ವಿಸ್ತಾರ, ಯುನೆಸ್ಕೋ ಪಟ್ಟಿಯಲ್ಲಿರುವ ವಿಲ್ಲೆಮ್‌ಸ್ಟಾಡ್ ಎಂಬ ಬಣ್ಣಬಣ್ಣದ ಹಳೆಯ ಪಟ್ಟಣ. ಕಲ್ಲುಮುಳ್ಳಿನ ದಾರಿಯಲ್ಲಿ ಮೆಟ್ಟಿಲಿಳಿದು ಹೋಗಬೇಕಾದ ಅಲ್ಲಿನ ಪುಟ್ಟ ಬೀಚುಗಳು ಅತ್ತೆಗೆ ಕಷ್ಟ. ನನ್ನ ಮತ ಅರೂಬಾಕ್ಕೇ.

ಹೊರಡುವ ಮುನ್ನ ಎಲ್ಲರ ಹೆಸರಿನಲ್ಲೂ ಆನ್‌ಲೈನ್‌ನಲ್ಲಿ ಇಡಿ ಕಾರ್ಡ್ ಎಂಬ ಪ್ರವೇಶಪತ್ರ ತುಂಬಬೇಕು. ಅದರ ಜೊತೆಗೆ ಈಗ 20 ಡಾಲರಿನ ಪರಿಸರ ಶುಲ್ಕವೂ ಇದೆ. ಮರಳುವ ದಿನದ ವಿಷಯ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಅಮೆರಿಕದ ವಲಸೆ ಮತ್ತು ಸುಂಕದ ತಪಾಸಣೆ ಅರೂಬಾದ ನಿಲ್ದಾಣದಲ್ಲೇ ಮುಗಿಯುತ್ತದೆ. ನೆವಾರ್ಕ್‌ನಲ್ಲಿ ಇಳಿದು ನೇರ ಮನೆಗೆ ಹೋಗಬಹುದು ಎಂಬುದು ಲಾಭ. ಆದರೆ ಶನಿವಾರ ಮಧ್ಯಾಹ್ನ ಆ ಸಾಲು ಮದುವೆ ಮನೆಯ ಊಟದ ಸಾಲಿಗಿಂತ ಉದ್ದ, ನಿಂತೇ ಇರಬೇಕು. ವಾರದ ನಡುವಿನ ವಿಮಾನ ಹಿಡಿಯಿರಿ, ಮೂರು ಗಂಟೆ ಮೊದಲೇ ಹೋಗಿ, ಅತ್ತೆಯವರಿಗೆ ಗಾಲಿಕುರ್ಚಿಯನ್ನು ಟಿಕೆಟ್ ಮಾಡುವಾಗಲೇ ಕೇಳಿಬಿಡಿ.